ಮಾದೇವಿಯ ಐದು ಶಬ್ದಗಳು

ಮೊರಬದ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಮಾದೇವಿ ಇಂಗ್ಲಿಷ್ ಶಬ್ದಗಳ ಸ್ಪರ್ಧೆಗೆ ಹೆಸರು ಕೊಡಲು ಬಂದಾಗ ಯುವಕ ಸಂಘದ ಅಧ್ಯಕ್ಷ ಭೀಮೇಶ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಊರಿನ ಯಾರು ಬೇಕಾದರೂ ಬರಬಹುದು ಎಂದು ಚೀಟಿ ಹಚ್ಚಿದವನು ಅವನೇ. ಬರೆದುಕೊಳ್ಳದೆ ಗತಿ ಇರಲಿಲ್ಲ.

ಮಾದೇವಿ ಓದಿದ್ದು ಹತ್ತನೆಯವರೆಗೆ. ಅವಳ ಅಪ್ಪ ಹೊಳೆಪ್ಪ ಧಾರವಾಡದ ಕಾಲೇಜೊಂದರಲ್ಲಿ ಜವಾನನಾಗಿದ್ದ. ರದ್ದಿಗೆ ಹಾಕಿದ್ದ ದಪ್ಪನೆಯ ಇಂಗ್ಲಿಷ್ ನಿಘಂಟೊಂದನ್ನು ಕೇಳಿಕೊಂಡು ಮನೆಗೆ ತಂದಿದ್ದ. ಅದರಲ್ಲಿ ಬಳಕೆ ತಪ್ಪಿದ ಶಬ್ದಗಳ ಮುಂದೆ ಸಣ್ಣ ಕಠಾರಿಯ ಗುರುತಿತ್ತು. ಮಾದೇವಿಗೆ ಆ ಶಬ್ದಗಳ ಮೇಲೇ ಹೆಚ್ಚು ಮಮತೆ. ಯಾರೂ ಆಡದ ಮಾತನ್ನು ತಾನೊಬ್ಬಳಾದರೂ ತಿಳಿದಿರಬೇಕೆಂಬ ಹಟ. ಬೇಳೆ ಬೇಯುವ ಹೊತ್ತಿನಲ್ಲಿ ದಿನಕ್ಕೊಂದು ಪುಟ ಓದುತ್ತ ಇಪ್ಪತ್ತು ವರ್ಷದಲ್ಲಿ ಇಡೀ ಪುಸ್ತಕವನ್ನು ಎರಡು ಸಲ ಮುಗಿಸಿದ್ದಳು.

ರವಿವಾರ ಬೆಳಿಗ್ಗೆ ಸಮುದಾಯ ಭವನದಲ್ಲಿ ಸ್ಪರ್ಧೆ ನಡೆಯಿತು. ಐ, ಜಿ, ಎಚ್, ಟಿ ಈ ನಾಲ್ಕು ಅಕ್ಷರ ಒತ್ತಟ್ಟಿಗೆ ಇರುವ ಶಬ್ದಗಳನ್ನು ಅರ್ಧ ತಾಸಿನಲ್ಲಿ ಎಷ್ಟಾದರೂ ಬರೆಯಬೇಕು. ಲೈಟ್, ನೈಟ್, ರೈಟ್ ಎಂದು ಎಲ್ಲರೂ ಶುರು ಮಾಡಿದರು. ಮಾದೇವಿ ನಲವತ್ತಾರು ಬರೆದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಸಂಗನಬಸವ ನಲವತ್ತಮೂರು.

ತೀರ್ಪುಗಾರ ಸುಭಾಸ, ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಅವರು ಮಾದೇವಿಯ ಐದು ಶಬ್ದಗಳ ಮೇಲೆ ಕೆಂಪು ಗೆರೆ ಎಳೆದು ಸಂಗನಬಸವನಿಗೆ ಮೊದಲ ಬಹುಮಾನ ಸಾರಿದರು. ಅಷ್ಟಕ್ಕೇ ಬಿಡಲಿಲ್ಲ. ಮೈಕು ಹಿಡಿದು, ಬಿಳಿ ಬಣ್ಣದ ವೈಟ್, ಎತ್ತರದ ಹೈಟ್, ಪಥ್ಯದ ಡಯಟ್, ಇವುಗಳ ಸ್ಪೆಲ್ಲಿಂಗ್ ಬಾರದವರೂ ಸ್ಪರ್ಧೆಗೆ ಬಂದಿದ್ದಾರೆ, ಹುರುಪು ಮೆಚ್ಚಬೇಕು, ಆದರೆ ಒಗ್ಗರಣೆ ಹಾಕಿದಷ್ಟು ಸಲೀಸಲ್ಲ ಇಂಗ್ಲಿಷು ಅಂದರು. ಜನ ನಕ್ಕರು. ಅಡುಗೆಯವಳು ಒಬ್ಬಳೇ ಇದ್ದದ್ದರಿಂದ ಯಾರನ್ನು ಕುರಿತದ್ದೆಂದು ಎಲ್ಲರಿಗೂ ತಿಳಿಯಿತು.

ಮಾದೇವಿ ಎದ್ದು ವೇದಿಕೆಯ ಹತ್ತಿರ ಹೋದಳು.

“ನಾ ಬರದದ್ದು ಬಿಳಿ ಬಣ್ಣ ಅಲ್ರಿ ಸರ. ನಾ ಬರದ ಡಬ್ಲ್ಯೂ, ಐ, ಜಿ, ಎಚ್, ಟಿ ವೈಟ್ ಅಂದ್ರ ಮನುಷ್ಯಾ ಅಂತ. ಹಳೀ ಶಬ್ದ ಐತ್ರಿ.”

ಸುಭಾಸ ಮೊಬೈಲಿನಲ್ಲಿ ಒತ್ತಿ ನೋಡಿದರು. ಅದು ತಾನೇ ತಿದ್ದಿ ಬಿಳಿ ಬಣ್ಣದ ಶಬ್ದವನ್ನು ತೋರಿಸಿತು. ಅವರು ಅದನ್ನೇ ಮುಂದಿನ ಸಾಲಿಗೆ ಎತ್ತಿ ಹಿಡಿದರು. ಮಾದೇವಿ ಮನೆಗೆ ಹೋಗಿ, ನಿಘಂಟನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಬಂದಳು. ಒಂದೊಂದೇ ಪುಟ ತೆರೆದು ತೋರಿಸಿದಳು. ಇ ಅಕ್ಷರವಿಲ್ಲದ ಹೈಟ್ ಎಂದರೆ ಎಂಬ ಹೆಸರಿನ. ಡೈಟ್ ಮತ್ತು ಬಿಡೈಟ್ ಎಂದರೆ ಸಿಂಗರಿಸಿದ. ಸೆನ್ನೈಟ್ ಎಂದರೆ ಏಳು ರಾತ್ರಿ, ಅಂದರೆ ಒಂದು ವಾರ. ಐದೂ ಇದ್ದವು.

ಸುಭಾಸ ಕನ್ನಡಕ ಏರಿಸಿ ಓದಿದರು. ಮುಖ ಸಣ್ಣದಾಯಿತು. ಆದರೂ ಪುಸ್ತಕ ಮುಚ್ಚಿ, “ಇವು ಸತ್ತ ಶಬ್ದ ಅದಾವ ನೋಡವಾ. ಈಗ ನಡಿಯಂಗಿಲ್ಲ” ಅಂದರು.

“ಜೀವಂತ ಇದ್ದದ್ದನ್ನ ಅಷ್ಟ ಬರೀರಿ ಅಂತ ಚೀಟ್ಯಾಗ ಎಲ್ಲಿ ಇತ್ರಿ?”

ಸುಭಾಸ ಪುಸ್ತಕವನ್ನು ಅವಳತ್ತ ಸರಿಸಿದರು. ಸಮಾಧಾನಕರ ಬಹುಮಾನ ಕೊಟ್ಟು ಕಳಿಸಲು ಭೀಮೇಶನಿಗೆ ಹೇಳಿ ಕಾರು ಹತ್ತಿದರು. ಭೀಮೇಶ ತಂದ ಸ್ಟೀಲಿನ ಡಬ್ಬಿಯನ್ನು ಮಾದೇವಿ ಮುಟ್ಟಲಿಲ್ಲ.

ಸೋಮವಾರ ಶಾಲೆಯಲ್ಲಿ ಎಲ್ಲರೂ ಅವಳನ್ನು ಸಂತೈಸಿದರು. ನಿನಗ ಗೊತ್ತೈತಲ್ಲ, ಅಷ್ಟು ಸಾಕು ಅಂದರು. ಆ ಮಾತೇ ಅವಳನ್ನು ಹೆಚ್ಚು ಕೆರಳಿಸಿತು. ತಪ್ಪು ಮಾಡಿದವರು ಕಾರು ಹತ್ತಿ ನೆಟ್ಟಗೆ ಮನೆಗೆ ಹೋಗಿದ್ದರು, ಸುಮ್ಮನಿರುವ ದೊಡ್ಡಗುಣ ಮಾತ್ರ ತನ್ನ ಪಾಲಿಗೆ ಬಂದಿತ್ತು. ಸಂಜೆ ಉತ್ತರಪತ್ರಿಕೆ ಹಿಡಿದು ಭೀಮೇಶನ ಅಂಗಡಿಗೆ ಹೋದಳು. ಇಬ್ಬರಿಗೂ ಮೊದಲ ಸ್ಥಾನ ಅನ್ನೋಣ ಎಂದು ಅವನು ರಾಜಿಗೆ ಬಂದ.

“ನಲವತ್ತಾರು ದೊಡ್ಡದೋ, ನಲವತ್ತಮೂರು ದೊಡ್ಡದೋ, ಅಷ್ಟ ಹೇಳು. ಮೈಕಿನಾಗ ನಗ್ಯಾಡಿದ್ದನ್ನ ಮೈಕಿನಾಗ ತಿದ್ದಬೇಕು.”

ಮೂರು ದಿನ ಅವನು ನಾಳೆ ನಾಳೆ ಅಂದ. ಮೂರು ದಿನವೂ ಅವಳು ಹೋದಳು. ನಾಲ್ಕನೆಯ ದಿನ ಸಂಗನಬಸವನೇ ಬ್ಯಾಂಕಿನಿಂದ ಬರುವಾಗ ಬಹುಮಾನದ ಶಾಲನ್ನು ತಂದು ಭೀಮೇಶನ ಕೌಂಟರಿನ ಮೇಲಿಟ್ಟ. ಬಡ್ಡಿ ಲೆಕ್ಕ ಮಾಡೋ ಮನುಷ್ಯಾ ನಾ, ತಪ್ಪು ಮೊತ್ತ ಇಟ್ಟುಕೊಂಡರೆ ನಿದ್ದೆ ಬರುವುದಿಲ್ಲ ಅಂದ. ಆಗ ಭೀಮೇಶನಿಗೆ ಬೇರೆ ದಾರಿ ಉಳಿಯಲಿಲ್ಲ. ಸುಭಾಸರಿಗೆ ಫೋನು ಮಾಡಿದ. ತಮ್ಮ ತೀರ್ಪು ಬದಲಿಸುವುದಿದ್ದರೆ ಆ ಊರಿಗೆ ಮತ್ತೆ ಕಾಲಿಡುವುದಿಲ್ಲ ಎಂದು ಅವರು ಫೋನಿಟ್ಟರು.

ಮುಂದಿನ ರವಿವಾರ ಸಂಘದ ಸಭೆಯಲ್ಲಿ ಭೀಮೇಶ ಐದೂ ಶಬ್ದಗಳನ್ನು ಅರ್ಥಸಹಿತ ಮೈಕಿನಲ್ಲಿ ಓದಿ, ಮಾದೇವಿಗೆ ಮೊದಲ ಸ್ಥಾನವೆಂದು ಸಾರಿದ. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ತಟ್ಟಿದವರಲ್ಲಿ ಹೋದ ವಾರ ನಕ್ಕವರೇ ಹೆಚ್ಚು. ಮಾದೇವಿ ಅವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಕೆಲವರು ತಲೆ ತಗ್ಗಿಸಿದರು. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಇಳಿಸಿಕೊಳ್ಳುವ ಅವಸರವೂ ಅವಳಿಗಿರಲಿಲ್ಲ.

“ಮುಂದಿನ ವರ್ಷ,” ಎಂದಳು ಭೀಮೇಶನಿಗೆ, “ಗೆರಿ ಎಳಿಯೂಕಿಂತ ಮೊದ್ಲ ಪುಸ್ತಕ ತೆಗೆದು ನೋಡವರನ್ನ ಕರಸು.”