ಹೊಸ ಶರ್ಟಿನ ನಾಲ್ಕು ಗೆರೆಗಳು

ಬಟ್ಟೆಯ ವಿಷಯದಲ್ಲಿ ಇಸ್ತ್ರಿ ಅಕ್ಕನನ್ನು ಮೀರಿಸುವವರು ಆ ಬೀದಿಯಲ್ಲಿರಲಿ, ಸುತ್ತಲಿನ ನಾಲ್ಕು ಬೀದಿಗಳಲ್ಲೂ ಇರಲಿಲ್ಲ. ಈ ಮಾತನ್ನು ಮೊದಲು ಹೇಳಿದವಳು ಅವಳೇ. ಹಾಗೆಂದು ಸುಳ್ಳೇನಲ್ಲ. ಇಪ್ಪತ್ತಾರು ವರ್ಷ ಲಾಂಡ್ರಿಯ ಕೌಂಟರಿನ ಹಿಂದೆ ನಿಂತವಳು. ಶರ್ಟೊಂದು ಮುಂದೆ ಬಿದ್ದರೆ ಸಾಕು, ಅದರ ಯಜಮಾನ ಎಡಗೈಯಲ್ಲಿ ಬರೆಯುತ್ತಾನೋ ಬಲಗೈಯಲ್ಲೋ, ಬಸ್ಸಿನಲ್ಲಿ ನಿಂತು ಬಂದನೋ ಕೂತು ಬಂದನೋ, ಎಲ್ಲವನ್ನೂ ಕಡ್ಡಿ ಮುರಿದಂತೆ ಹೇಳಿಬಿಡುತ್ತಿದ್ದಳು. ಒಳಗಡೆ ಒಗೆಯುವ ಯಂತ್ರ ನೋಡಿಕೊಳ್ಳುವ ಗಂಡ, ತಾನು ಎಲ್ಲಿಗೆ ಹೋಗಿ ಬಂದರೂ ಮೊದಲು ಶರ್ಟು ಬದಲಿಸಿಯೇ ಅವಳ ಎದುರು ಬರುತ್ತೇನೆಂದು ಗಿರಾಕಿಗಳ ಮುಂದೆ ನಗುತ್ತಿದ್ದ.

ಇಂಥವಳು ಫೋನಿನಲ್ಲಿ ಪತ್ತೇದಾರರ ಗುಂಪೊಂದನ್ನು ಸೇರದೆ ಇದ್ದಿದ್ದರೆ ಆಶ್ಚರ್ಯವಾಗುತ್ತಿತ್ತು. ಎರಡೂವರೆ ಗಂಟೆ ಬಸ್ಸಿನ ದೂರದ ಊರಿನಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಶಾಲೆಯಿಂದ ಮನೆಗೆ ಬರುವ ಆರು ನಿಮಿಷದ ದಾರಿಯಲ್ಲಿ ಕಾಣೆಯಾಗಿದ್ದಳು. ನಾಲ್ಕನೆಯ ದಿನ, ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಹಿಂದೆ ಅವಳ ದೇಹ ಸಿಕ್ಕಿತು. ಯಾರೋ ಕೊಂದಿದ್ದರು. ಯಾರೆಂದು ಪೊಲೀಸರಿಗೆ ತಿಳಿಯಲಿಲ್ಲ, ಆದ್ದರಿಂದ ಹನ್ನೊಂದು ಸಾವಿರ ಜನ ತಾವೇ ತಿಳಿದುಕೊಳ್ಳಲು ಹೊರಟರು. ಅವರಲ್ಲಿ ಹಲ್ಲಿನ ಡಾಕ್ಟರಿದ್ದರು, ಬಸ್ ಕಂಡಕ್ಟರಿದ್ದರು, ಕೆಲಸವಿಲ್ಲದವರು ಬೇಕಾದಷ್ಟಿದ್ದರು. ಎಲ್ಲರ ಮೇಲೆ ಯಜಮಾನಿಕೆ ನಡೆಸುತ್ತಿದ್ದವರು ನಿವೃತ್ತ ಗಣಿತದ ಮೇಷ್ಟ್ರು. ಒಳ್ಳೆಯ ಜನವೇ. ಆ ಮಗುವಿಗಾಗಿ ನಿಜವಾಗಿಯೂ ಮರುಗುತ್ತಿದ್ದರು. ಮರುಕ ಇದ್ದವರಿಗೆಲ್ಲ ಬುದ್ಧಿಯೂ ಇದ್ದಿದ್ದರೆ ಈ ಕತೆ ಹೇಳುವ ಕೆಲಸವೇ ಇರುತ್ತಿರಲಿಲ್ಲ.

ಹುಡುಗಿ ಕಾಣೆಯಾದ ಎರಡನೆಯ ದಿನ ತಾಯಿ ಮತ್ತು ಮಲತಂದೆ ಟೀವಿಯವರ ಮೈಕುಗಳ ಮುಂದೆ ಕೂತು, ಮಗು ಕಂಡವರು ತಿಳಿಸಿ ಎಂದು ಕೇಳಿಕೊಂಡಿದ್ದರು. ಮಲತಂದೆ ಬೇಕರಿಯೊಂದರ ವ್ಯಾನ್ ಓಡಿಸುವವನು. ಅವನು ಎರಡೇ ಮಾತಾಡಿ ತಲೆ ತಗ್ಗಿಸಿದ್ದ. ದೇಹ ಸಿಕ್ಕ ಮೇಲೆ ಗುಂಪಿನವರು ಆ ದೃಶ್ಯವನ್ನು ಮತ್ತೆ ತೆಗೆದರು. ಉಳಿದ ಹನ್ನೊಂದು ಸಾವಿರ ಜನ ಅವನ ಕಣ್ಣು ನೋಡಿದರು, ತುಟಿ ನೋಡಿದರು. ಇಸ್ತ್ರಿ ಅಕ್ಕ ಶರ್ಟು ನೋಡಿದಳು. ಎದೆಯ ಮೇಲೆ ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು ಗೆರೆ. ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಹಾಗೆ ಬೀಳುವುದಿಲ್ಲ. ಅಂಗಡಿಯ ಪೊಟ್ಟಣದಲ್ಲಿ ರಟ್ಟಿನ ಸುತ್ತ ಮಡಚಿಟ್ಟ ಹೊಸ ಶರ್ಟಿನ ಗೆರೆಗಳವು. ಅವಳು ಅಲ್ಲೇ ನಿಂತು ಬರೆದಳು.

"ಮಗು ಕಾಣೆಯಾಗಿ ಆಗ ಎರಡೇ ದಿನ. ಈ ಮನುಷ್ಯ ಅಂಗಡಿಗೆ ಹೋಗಿ ಹೊಸ ಶರ್ಟು ಆರಿಸಿದ್ದಾನೆ, ಪೊಟ್ಟಣ ಬಿಚ್ಚಿದ್ದಾನೆ, ಗುಂಡುಸೂಜಿ ಒಂದೊಂದಾಗಿ ಕಿತ್ತಿದ್ದಾನೆ, ಕ್ಯಾಮೆರಾ ಮುಂದೆ ಕೂತಿದ್ದಾನೆ. ಇದು ದುಃಖದಲ್ಲಿರೋನ ಬಟ್ಟೆ ಅಲ್ಲ, ವೇಷ. ಇಪ್ಪತ್ತಾರು ವರ್ಷದ ಅನುಭವದಿಂದ ಹೇಳ್ತಿದೀನಿ. ಬಟ್ಟೆ ಸುಳ್ಳು ಹೇಳಲ್ಲ."

ಗುಂಪು ಅವಳನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ಇಸ್ತ್ರಿ ಅಕ್ಕ ಎಂಬ ಹೆಸರು ಬಂದದ್ದೇ ಅಂದಿನಿಂದ. ಗುಂಪಿನ ಹೊರಗೂ ಅವಳ ಬರಹ ಊರೂರು ಸುತ್ತಿತು. ವ್ಯಾನಿನವನಿಗೆ ಪೊಟ್ಟಣದ ಶರ್ಟು ಎಂಬ ಹೆಸರು ಅಂಟಿತು. ಅವನು ತಂದ ಬ್ರೆಡ್ಡು ಬೇಡವೆಂದು ಅಂಗಡಿಗಳವರು ವಾಪಸು ಕಳಿಸಿದರು. ಬೇಕರಿಯವರು ಅವನನ್ನು ವ್ಯಾನಿನಿಂದ ಇಳಿಸಿ ಹಿತ್ತಲಿನಲ್ಲಿ ಟ್ರೇ ಜೋಡಿಸಲು ಹಾಕಿದರು. ಮನೆಯ ಗೋಡೆಯ ಮೇಲೆ ಯಾರೋ ಬರೆಯಬಾರದ್ದನ್ನು ಬರೆದರು. ಇದನ್ನೆಲ್ಲ ಓದಿದಾಗ ಅಕ್ಕನಿಗೆ ಸ್ವಲ್ಪ ಕಸಿವಿಸಿಯಾಯಿತು, ಆದರೆ ಗೆರೆ ಗೆರೆಯೇ ತಾನೇ ಎಂದುಕೊಂಡು ಮುಂದಿನ ಶರ್ಟಿಗೆ ಕೈ ಹಾಕಿದಳು.

ಮೂರನೆಯ ವಾರ ಮೇಷ್ಟ್ರು ಅವನ ಮನೆಯ ವಿಳಾಸವನ್ನು ಗುಂಪಿನಲ್ಲಿ ಹಾಕಿದರು. ಭಾನುವಾರ ಹನ್ನೊಂದು ಗಂಟೆಗೆ ಎಲ್ಲರೂ ಗೇಟಿನ ಮುಂದೆ ಸೇರಿ ಅವನ ಬಾಯಿಂದಲೇ ಉತ್ತರ ಪಡೆಯುವುದು ಎಂದು ಗೊತ್ತುಪಡಿಸಿದರು. ದೊಡ್ಡ ಚಿತ್ರವೊಂದನ್ನು ಹಿಡಿದು ನಿಲ್ಲಬೇಕಿತ್ತು. ಟೀವಿಯ ಆ ಚಿತ್ರವನ್ನು ಹಿಗ್ಗಿಸಿ ಕಳಿಸಿ, ಗೆರೆಗಳಿಗೆ ಕೆಂಪು ಬಾಣದ ಗುರುತು ಹಾಕಿಕೊಡಿ ಎಂದು ಅಕ್ಕನನ್ನು ಕೇಳಿದರು.

ಶುಕ್ರವಾರ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು ನೋಡಿ, ಅವಳು ಚಿತ್ರವನ್ನು ಕೌಂಟರಿನ ಮೇಲೆ ಹರಡಿಕೊಂಡು ಕೂತಳು. ನಾಲ್ಕು ಬಾಣ ಹಾಕಲು ನಾಲ್ಕು ನಿಮಿಷ ಸಾಕಿತ್ತು. ಎರಡು ಹಾಕಿದಳು. ಮೂರನೆಯದಕ್ಕೆ ಪೆನ್ನು ಎತ್ತಿದವಳ ಕಣ್ಣು ಗೆರೆ ಬಿಟ್ಟು ಭುಜಕ್ಕೆ ಹೋಯಿತು. ಭುಜದ ಹೊಲಿಗೆ ಭುಜದ ಮೇಲಿರಲಿಲ್ಲ, ನಾಲ್ಕು ಬೆರಳು ಕೆಳಗೆ ತೋಳಿನ ಮೇಲೆ ಜೋತುಬಿದ್ದಿತ್ತು. ತೋಳಿನ ತುದಿ ಬೆರಳಿನ ಗೆಣ್ಣು ಮುಟ್ಟುತ್ತಿತ್ತು. ಕಾಲರಿನೊಳಗೆ ಇನ್ನೊಂದು ಅರ್ಧ ಕುತ್ತಿಗೆ ಹಿಡಿಸುವಷ್ಟು ಜಾಗ. ಪ್ಯಾಂಟೂ ಹೊಸದೇ, ಬುಡ ಹೊಲಿಸದೆ ಒಳಕ್ಕೆ ಮಡಚಿದ್ದ. ಬೆಲ್ಟ್ ಇರಲಿಲ್ಲ.

ವೇಷ ಹಾಕುವವನು ತನ್ನ ಅಳತೆಯ ವೇಷ ಹಾಕುತ್ತಾನೆ. ಎರಡು ಸೈಜ್ ದೊಡ್ಡ ಶರ್ಟನ್ನು ಯಾವ ಗಂಡಸೂ ಕನ್ನಡಿ ಮುಂದೆ ನಿಂತು ಆರಿಸಿಕೊಳ್ಳುವುದಿಲ್ಲ. ಇದು ಬೇರೆ ಯಾರೋ ಆತುರದಲ್ಲಿ ತಂದು ಕೊಟ್ಟ ಬಟ್ಟೆ, ಮೈಮೇಲಿದ್ದದ್ದನ್ನೆಲ್ಲ ಕಳೆದುಕೊಂಡವನು ಹಾಕಿಕೊಂಡ ಬಟ್ಟೆ. ಹಿಂದೊಮ್ಮೆ ಎದುರು ಕಟ್ಟಡಕ್ಕೆ ಬೆಂಕಿ ಬಿದ್ದಾಗ ಉಳಿದುಕೊಂಡವರು ಹೀಗೇ ಕಾಣುತ್ತಿದ್ದರು. ಅಕ್ಕ ಅಂದು ಗೆರೆ ಕಂಡ ಸಂಭ್ರಮದಲ್ಲಿ ಶರ್ಟನ್ನೇ ನೋಡಿರಲಿಲ್ಲ.

ವಾರಕ್ಕೆರಡು ಸಲ ಸಮವಸ್ತ್ರ ಒಗೆಯಲು ಕೊಡುವ ಪೊಲೀಸಮ್ಮ ಒಬ್ಬಳಿದ್ದಳು. ಅವಳಿಗೆ ಫೋನ್ ಮಾಡಿ, ಮಗು ಕಾಣೆಯಾದ ಮನೆಯಲ್ಲಿ ನೀವು ಮೊದಲು ಮಾಡುವುದೇನು ಎಂದು ಕೇಳಿದಳು. ಮನೆಯವರು ತೊಟ್ಟ ಬಟ್ಟೆ, ಬೆಲ್ಟು, ಚಪ್ಪಲಿ ಎಲ್ಲವನ್ನೂ ಪರೀಕ್ಷೆಗೆ ತೆಗೆದುಕೊಳ್ಳುತ್ತೇವೆ, ಹುಡುಕಿ ಮುಗಿಯುವ ತನಕ ಮನೆಗೆ ಬೀಗ ಹಾಕುತ್ತೇವೆ, ಬೀರುವಿನಿಂದ ಒಂದು ಕರವಸ್ತ್ರ ತೆಗೆಯಲೂ ಬಿಡುವುದಿಲ್ಲ ಎಂದಳು ಪೊಲೀಸಮ್ಮ. ಎಲ್ಲರಿಗೂ ಹೀಗೆಯೇ, ಇದರಲ್ಲಿ ಅನುಮಾನದ ಮಾತೇನಿಲ್ಲ ಎಂದೂ ಸೇರಿಸಿದಳು.

ಅಕ್ಕನಿಗೆ ಒಂದು ಗುಣವಿತ್ತು. ತಪ್ಪು ಮಾಡಿದಾಗಲೂ ಅವಳು ಅರ್ಧಂಬರ್ಧ ಮಾಡುವವಳಲ್ಲ, ತಿದ್ದುವಾಗಲೂ ಅಲ್ಲ. ಭುಜ, ತೋಳು, ಕಾಲರು, ಬೆಲ್ಟು, ಒಂದೊಂದಕ್ಕೂ ಬಾಣ ಹಾಕಿ, ನಾನು ಬರೆದದ್ದು ತಪ್ಪು, ಈ ಮನುಷ್ಯನ ತಂಟೆಗೆ ಹೋಗಬೇಡಿ ಎಂದು ಗುಂಪಿನಲ್ಲಿ ಬರೆದಳು. ಹತ್ತು ನಿಮಿಷದಲ್ಲಿ ಮೂವತ್ತೆಂಟು ಉತ್ತರ ಬಂದವು. ನಿಮ್ಮನ್ನು ಯಾರು ಹೆದರಿಸಿದರು ಎಂದು ಕೆಲವರು, ನಿಮ್ಮನ್ನು ಯಾರು ಕೊಂಡುಕೊಂಡರು ಎಂದು ಹಲವರು. ಹನ್ನೊಂದನೆಯ ನಿಮಿಷಕ್ಕೆ ಮೇಷ್ಟ್ರು ಆ ಬರಹವನ್ನೇ ಅಳಿಸಿಹಾಕಿದರು. ಭಾನುವಾರ ಮುಗಿಯುವ ತನಕ ಗೊಂದಲ ಬೇಡ ಎಂಬುದು ಅವರ ಸಮಜಾಯಿಷಿ.

"ಅಲ್ಲಿಗೆ ಹೋಗಿ ಏನು ಮಾಡ್ತೀಯ? ಅಷ್ಟು ಜನ ಇರ್ತಾರೆ," ಎಂದ ಗಂಡ.

"ಅವರೆಲ್ಲ ನನ್ನ ಮಾತು ಕೇಳಿ ಹೊರಟಿರೋರು ರೀ. ಇನ್ನೊಂದು ಸಲ ಕೇಳ್ತಾರೆ," ಎಂದಳು ಅಕ್ಕ.

ಭಾನುವಾರ ಮೊದಲ ಬಸ್ಸು ಹಿಡಿದು ಹತ್ತು ಗಂಟೆಗೇ ಆ ಗೇಟಿನ ಮುಂದೆ ಹೋಗಿ ನಿಂತಳು. ಸಣ್ಣ ಮನೆ, ಕಿಟಕಿಗಳಿಗೆ ಪರದೆ. ಗೋಡೆಯ ಮೇಲಿನ ಬರಹವನ್ನು ಉಜ್ಜಿ ಅಳಿಸಲು ಹೋಗಿ, ಅಕ್ಷರ ಹೋಗದೆ ಬಣ್ಣವಷ್ಟೇ ಹೋಗಿತ್ತು. ಹನ್ನೊಂದು ಸಾವಿರದಲ್ಲಿ ಬಂದವರು ಹದಿನಾಲ್ಕು ಜನ. ಫೋನಿನಲ್ಲಿ ಗುಡುಗುತ್ತಿದ್ದ ಮೇಷ್ಟ್ರು ನಿಜದಲ್ಲಿ ಸಣಕಲು ಮನುಷ್ಯ, ಎರಡು ಬಸ್ಸು ಬದಲಿಸಿ ಸುಸ್ತಾಗಿದ್ದರು. ಅಕ್ಕ ಅವರಿಗೆ ಕೂರಲು ಗೇಟಿನ ಪಕ್ಕದ ಕಟ್ಟೆ ತೋರಿಸಿದಳು, ಬಾಯಿ ತೆರೆಯಲು ಮಾತ್ರ ಬಿಡಲಿಲ್ಲ.

ಕೈಚೀಲದಿಂದ ಹೊಸ ಶರ್ಟಿನ ಪೊಟ್ಟಣ ತೆಗೆದು ಅವರ ಎದುರೇ ಬಿಚ್ಚಿದಳು. ಗುಂಪಿನಲ್ಲಿದ್ದ ಹಲ್ಲಿನ ಡಾಕ್ಟರಿಗೆ ಅದನ್ನು ತೊಡಿಸಿದಳು. ಎರಡು ಸೈಜ್ ದೊಡ್ಡದು. ಡಾಕ್ಟರ್ ತೋಳಿನೊಳಗೆ ಕೈ ಹುಡುಕುತ್ತ ನಿಂತಾಗ ಇಬ್ಬರು ನಕ್ಕರು. ನಗು ನಿಂತ ಮೇಲೆ ಅಕ್ಕ ಆ ಚಿತ್ರವನ್ನು ಅವರ ಪಕ್ಕದಲ್ಲಿ ಹಿಡಿದು, ಈಗ ನೋಡಿ ಎಂದಳು. ಗೆರೆ ನಾನು ಹೇಳಿದ್ದೇ, ಅರ್ಥ ನಾನು ಹೇಳಿದ್ದಲ್ಲ ಎಂದಳು. ಪೊಲೀಸಮ್ಮ ಹೇಳಿದ್ದನ್ನೂ ಹೇಳಿದಳು. ಒಬ್ಬನನ್ನು ಕೊಲೆಗಾರ ಅನ್ನುವ ಮೊದಲು ಅವನ ಭುಜ ನೋಡುವಷ್ಟು ತಾಳ್ಮೆ ತನಗಿರಲಿಲ್ಲ, ನಿಮಗಾದರೂ ಇರಲಿ ಎಂದಳು. ಮೇಷ್ಟ್ರು ಏನೋ ಹೇಳಲು ಎದ್ದು, ಚಿತ್ರವನ್ನು ಇನ್ನೊಮ್ಮೆ ನೋಡಿ, ಮತ್ತೆ ಕೂತರು. ಅರ್ಧ ಗಂಟೆಯಲ್ಲಿ ಬೀದಿ ಖಾಲಿಯಾಯಿತು. ಡಾಕ್ಟರ್ ಶರ್ಟು ಕಳಚಿ, ಮಡಚಲು ಬಾರದೆ, ಮುದ್ದೆ ಮಾಡಿ ಕೊಟ್ಟು ಹೋದರು.

ಗೆದ್ದೆನೆಂಬ ಖುಷಿ ಅಕ್ಕನಿಗೆ ಆಗದೆ ಇರಲಿಲ್ಲ. ಅಷ್ಟರಲ್ಲಿ ಹಿಂದೆ ಬಾಗಿಲು ತೆರೆಯಿತು. ಆ ಹುಡುಗಿಯ ತಾಯಿ ಹೊಸ್ತಿಲಲ್ಲಿ ನಿಂತು, ಒಳಗೆ ಬನ್ನಿ ಎಂದಳು. ಕಿಟಕಿಯ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಳಗೆ ಎರಡು ಕುರ್ಚಿ, ಒಂದು ಮೇಜು. ಮೇಜಿನ ಮೇಲೆ ಪೊಲೀಸರು ಪರೀಕ್ಷೆ ಮುಗಿಸಿ ಹಿಂತಿರುಗಿಸಿದ ಶಾಲೆಯ ಪುಸ್ತಕಗಳು, ಅವುಗಳಿಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಗೇ ಇತ್ತು.

"ಆ ಶರ್ಟ್ ತಂದೋಳು ನಾನೇ," ಎಂದಳು ತಾಯಿ. "ಸ್ಟೇಷನ್ ಎದುರಿನ ಅಂಗಡಿಗೆ ಓಡಿದೆ. ಸೈಜ್ ಎಷ್ಟು ಅಂದ್ರು. ಆರು ವರ್ಷ ಅವರ ಬಟ್ಟೆ ಒಗೆದಿದೀನಿ, ಸೈಜ್ ನೆನಪಿಗೇ ಬರಲಿಲ್ಲ. ದೊಡ್ಡದೇ ಇರಲಿ ಅಂತ ತಂದೆ."

"ನಾನೂ ಅದನ್ನೇ ಹೇಳಿದ್ದು," ಎಂದಳು ಅಕ್ಕ. ದನಿಯಲ್ಲಿ ಹೆಮ್ಮೆ ಇಣುಕಿದ್ದು ಅವಳಿಗೇ ಕೇಳಿಸಿತು.

"ಇವತ್ತು ಹೇಳಿದ್ರಿ," ಎಂದಳು ತಾಯಿ. "ನೀವು ಮೊದಲು ಬರೆದದ್ದನ್ನ ಯಾರೋ ನನಗೆ ಕಳಿಸಿದ್ರು. ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ. ಶರ್ಟ್ ತಂದೋಳು ನಾನು, ಗುಂಡುಸೂಜಿ ಕಿತ್ತೋಳೂ ನಾನೇ. ಆದ್ರೂ ಓದ್ತಾ ಓದ್ತಾ ನನಗೇ ಅನುಮಾನ ಬಂತು. ಅಷ್ಟು ಗಟ್ಟಿಯಾಗಿ ಬರೆದಿದ್ರಿ. ಅವರಿಗೆ ಮನೆ ಬಿಟ್ಟು ಹೋಗಿ ಅಂದೆ. ಹನ್ನೆರಡು ದಿನ ಆಯ್ತು."

ತನ್ನ ಬರಹವನ್ನು ಅಪರಿಚಿತರು ನಂಬಿದ್ದು ಅಕ್ಕನಿಗೆ ಗೊತ್ತಿತ್ತು, ಅದಕ್ಕಾಗಿ ಒಳಗೊಳಗೇ ಬೀಗಿದ್ದೂ ಉಂಟು. ಕಣ್ಣಾರೆ ಕಂಡ ಹೆಂಡತಿಯೇ ತನ್ನ ಕಣ್ಣು ಬಿಟ್ಟು ಅದನ್ನು ನಂಬಿದ್ದಾಳೆಂಬುದು ಅವಳ ಲೆಕ್ಕದಲ್ಲೇ ಇರಲಿಲ್ಲ. ಮಗು ಹೋಯಿತು, ಇರುವವರು ಇಬ್ಬರೇ, ಅವರನ್ನೂ ತಾನು ನಾಲ್ಕು ಗೆರೆ ಹಿಡಿದು ಎರಡು ಮಾಡಿದ್ದಳು. ಕ್ಷಮಿಸಿ ಎಂದಳು. ಆ ಮಾತು ಆ ಕೋಣೆಯಲ್ಲಿ ಅವಳಿಗೇ ಹಗುರವಾಗಿ ಕೇಳಿಸಿತು. ಅವರು ಈಗ ಎಲ್ಲಿದ್ದಾರೆ ಎಂದು ಕೇಳಿದಳು.

"ಬೇಕರಿಯಲ್ಲೇ. ಹಿಟ್ಟಿನ ಮೂಟೆ ಇಡೋ ಕೋಣೇಲಿ ಮಲಗ್ತಾರಂತೆ. ನಾನು ಯಾವ ಮುಖ ಹೊತ್ತು ಹೋಗಲಿ?" ತಾಯಿ ಮೇಜಿನ ಅಂಚು ಹಿಡಿದುಕೊಂಡಳು. "ನೀವು ಹೋಗಿ ಕರ್ಕೊಂಡು ಬನ್ನಿ. ನಿಮಗೆ ಹೇಳೋಕೆ ಬರುತ್ತೆ."

ಬೇಕರಿ ಒಂದೂವರೆ ಮೈಲಿ. ಕೊಂದವನು ಆಗಿನ್ನೂ ಸಿಕ್ಕಿರಲಿಲ್ಲ. ಮುಂದಿನ ತಿಂಗಳು ಸಿಕ್ಕಿಬಿದ್ದವನು ಆ ಮನೆಗೆ ಸಂಬಂಧವೇ ಇಲ್ಲದವನು, ಗುಂಪಿನ ಅಷ್ಟು ಜನರಲ್ಲಿ ಒಬ್ಬರೂ ಅವನ ಸುದ್ದಿ ಎತ್ತಿರಲಿಲ್ಲ. ಅಕ್ಕನಿಗೆ ಅದಕ್ಕಾಗಿ ಕಾಯುವ ಅಗತ್ಯ ಇರಲಿಲ್ಲ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡಳು. ಮೊದಲು ತಾನು ಯಾರೆಂದು, ಆಮೇಲೆ ಹೇಗೆ ತಪ್ಪಿದೆನೆಂದು, ಆಮೇಲೆ ಭುಜದ ಹೊಲಿಗೆಯ ವಿಷಯ. ಬೇಕರಿಯ ಹಿತ್ತಲು ತಲುಪುವ ಹೊತ್ತಿಗೆ ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು.

ಅವನು ಬ್ರೆಡ್ಡಿನ ಟ್ರೇಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಚಿತ್ರದಲ್ಲಿದ್ದದ್ದಕ್ಕಿಂತ ಇಳಿದುಹೋಗಿದ್ದ. ಅಕ್ಕ ತಾನು ಯಾರೆಂದು ಹೇಳಿದಳು. ಅವನು ಒಮ್ಮೆ ಅವಳನ್ನು ನೋಡಿ ಮುಂದಿನ ಟ್ರೇ ಎತ್ತಿದ. ತಪ್ಪು ಬರೆದೆ ಎಂದಳು. ಇನ್ನೊಂದು ಟ್ರೇ ಎತ್ತಿದ. ಭುಜದ ಹೊಲಿಗೆಯ ತನಕ ಬಂದವಳು, ಅವನು ಕೇಳಿಸಿಕೊಳ್ಳುತ್ತಿಲ್ಲವೆಂದು ಕಂಡು, ಅಲ್ಲಿಗೇ ನಿಲ್ಲಿಸಿದಳು.

"ನಿಮ್ಮ ಮನೆಯವರು ಕಳಿಸಿದ್ರು," ಎಂದಳು.

ಟ್ರೇ ಹಿಡಿದ ಕೈ ನಿಂತಿತು.

"ಏನಂದಳು? ಅವಳು ಹೇಳಿದ್ದಷ್ಟೇ ಹೇಳಿ," ಎಂದ. "ನಿಮ್ಮದೇನೂ ಸೇರಿಸಬೇಡಿ."

ಇಸ್ತ್ರಿ ಅಕ್ಕನ ಬಳಿ ಹೇಳಲು ಬೇಕಾದಷ್ಟಿತ್ತು. ಆ ತಾಯಿ ಮೇಜಿನ ಅಂಚು ಹಿಡಿದ ಬಗೆ, ಅವಳ ಪಶ್ಚಾತ್ತಾಪ, ಬಿಚ್ಚದ ಪುಸ್ತಕಗಳು, ಎಲ್ಲದಕ್ಕೂ ಅವಳಲ್ಲಿ ಅರ್ಥವಿತ್ತು. ಎಲ್ಲವನ್ನೂ ನುಂಗಿಕೊಂಡಳು.

"ಕರ್ಕೊಂಡು ಬನ್ನಿ ಅಂದ್ರು," ಎಂದಳು.

ಅವನು ಸ್ವಲ್ಪ ಹೊತ್ತು ಕಾದ, ಇನ್ನೇನಾದರೂ ಬರುತ್ತದೋ ಎಂದು. ಬರಲಿಲ್ಲ. ಟ್ರೇಯನ್ನು ಕೆಳಗಿಟ್ಟು, ಕೈಯ ಹಿಟ್ಟನ್ನು ಪ್ಯಾಂಟಿಗೆ ಒರೆಸಿಕೊಂಡು, ಅವಳನ್ನು ದಾಟಿ ಮನೆಯ ದಾರಿ ಹಿಡಿದ.