ಯಾವ ಸೊಪ್ಪು?

ಅಣ್ಣನ ತಟ್ಟೆಯ ಮೊದಲ ತುತ್ತನ್ನು ಕೋಮಲಾ ತಿನ್ನಬೇಕು. ಆಮೇಲೆಯೇ ಹಾಲೇಶ ಮುದ್ದೆ ಮುರಿಯುವುದು. ತಿಂಗಳಿಂದ ಹೀಗೇ ನಡೆದಿತ್ತು. ಊಟಕ್ಕೆ ಯಾರೋ ಏನೋ ಬೆರೆಸುತ್ತಿದ್ದಾರೆ ಎಂಬ ಅನುಮಾನ ಅವನಿಗೆ.

ಹಾಲೇಶ ಕೆಮ್ಮಣ್ಣುಗುಂಡಿಯಿಂದ ಹೆಬ್ಬೆ ಜಲಪಾತಕ್ಕೆ ಪ್ರವಾಸಿಗರ ಜೀಪು ಓಡಿಸುತ್ತಾನೆ. ಕಡಿದಾದ ದಾರಿ, ಗಮನ ತಪ್ಪಿದರೆ ಜೀಪಿನಲ್ಲಿದ್ದವರೆಲ್ಲ ಕಣಿವೆ ಪಾಲು. ಈಚೆಗೆ ಅವನಿಗೆ ನಿದ್ದೆಯಿಲ್ಲ. ಉಳಿದ ಡ್ರೈವರ್‌ಗಳು ತನ್ನನ್ನೇ ಆಡಿಕೊಳ್ಳುತ್ತಾರೆ ಎಂದು ಗೊಣಗುತ್ತಾನೆ. ಗಾಳಿ ಸೋಕಿರಬೇಕೆಂದು ತಾಯಿ ಕಾಶಮ್ಮ ತಾಯಿತ ಕಟ್ಟಿಸಿದಳು. ಏನೂ ಗುಣ ಕಾಣಲಿಲ್ಲ.

ಕೋಮಲಾ ಮಾತು ಕಡಿಮೆ, ಕಣ್ಣು ಚುರುಕು. ಆಶಾ ಕಾರ್ಯಕರ್ತೆ ತ್ರಿವೇಣಿ ಮನೆಗೆ ಬಂದಾಗ ಮೆಲ್ಲಗೆ ಹೇಳಿಬಿಟ್ಟಳು: "ಜೀಪಿನ ಸೀಟಡಿ ಪೊಟ್ಟಣ ಐತೆ ಅಕ್ಕ. ಸೊಪ್ಪು ಅಂತಾರಲ್ಲ, ಅದು."

"ನಂಗೂ ಗೊತ್ತು ಕಣೇ," ಎಂದಳು, ಅದನ್ನು ಕೇಳಿಸಿಕೊಂಡ ಕಾಶಮ್ಮ. "ಸುಸ್ತಿಗೆ ಸೊಪ್ಪು ಸೇದ್ತೀನಿ ಅಂದ. ಕೆಮ್ಮಿಗೆ ನಾವು ದೊಡ್ಪತ್ರೆ ಅರೆದು ಕುಡಿಯಲ್ವಾ? ಸೊಪ್ಪಿಂದ ಯಾರಿಗೆ ಏನಾಗೈತೆ?"

"ಹಂಗಾದ್ರೆ ನಾಳೆ ಅದ್ರಲ್ಲೇ ಬಸ್ಸಾರು ಮಾಡಿ ಕಾಶಮ್ಮೋರೆ. ಅದು ಗಾಂಜಾ ಕಣ್ರೀ. ಮನೇಲಿ ಯಾರೂ ಹೆದ್ರಬಾರ್ದು ಅಂತ ಸೊಪ್ಪು ಅಂತಾರೆ."

ಗಾಂಜಾ ಕೆಲವರ ಮನಸ್ಸನ್ನೇ ಕೆಡಿಸುತ್ತದೆ, ಇಲ್ಲದ ಅನುಮಾನ ಹುಟ್ಟಿಸುತ್ತದೆ, ಬಿಡಹೊರಟರೆ ಸಿಡುಕು, ಚಡಪಡಿಕೆ ತಂದು ಮತ್ತೆ ಸೇದಿಸುತ್ತದೆ ಎಂದು ತ್ರಿವೇಣಿ ಬಿಡಿಸಿ ಹೇಳಿದಳು. ಇದು ಕಾಯಿಲೆ, ಇದಕ್ಕೆ ಚಿಕಿತ್ಸೆ ಇದೆ ಎಂದಳು.

"ಹುಚ್ಚಿನ ಡಾಕ್ಟ್ರತ್ರ ಹೋದ ಅಂದ್ರೆ ಹೆಣ್ಣು ಯಾರ್ ಕೊಡ್ತಾರೆ?"

"ಜೀಪು ಕಣಿವೆಗೆ ಹೋದ್ರೆ ಕೊಡ್ತಾರಾ?"

ಕಾಶಮ್ಮ ಯಾವ ಆಸ್ಪತ್ರೆಗೆ ಹೋಗಬೇಕೆಂದು ಕೇಳಿಕೊಂಡಳು.

ಆ ರಾತ್ರಿ ಹಾಲೇಶ ಊಟಕ್ಕೆ ಕೂತ. ಕೋಮಲಾ ಎಂದಿನಂತೆ ಮೊದಲ ತುತ್ತು ತಿಂದಳು. ಆಮೇಲೆ ಅಂದಳು: "ಊಟಕ್ಕೆ ಯಾರೂ ಏನೂ ಹಾಕ್ತಿಲ್ಲ ಅಣ್ಣ. ನಿನ್ನ ಕೆಡಿಸ್ತಿರೋದು ಆ ಹೊಗೆ."

ಅವನು ತಟ್ಟೆ ಸರಿಸಿದ. "ಬಿಡೋಕೆ ನೋಡ್ದೆ ಕಣೇ. ಆಗ್ಲಿಲ್ಲ," ಎಂದು ಜೀಪಿನ ಕೀಲಿಯನ್ನು ತಂಗಿಯ ಮುಂದಿಟ್ಟ.

ಮರುದಿನ ತರೀಕೆರೆ ಆಸ್ಪತ್ರೆಗೆ ಕಾಶಮ್ಮನೇ ಜೊತೆಗೆ ಹೋದಳು. ವೈದ್ಯರು ಮಾತ್ರೆ ಕೊಟ್ಟರು, ಮುಂದೆ ಹೋದಾಗಲೆಲ್ಲ ಕೂರಿಸಿ ಮಾತಾಡಿಸಿದರು, ತಾವು ಹೇಳುವ ತನಕ ಜೀಪು ಮುಟ್ಟಬೇಡ ಎಂದರು. ನಡುವೆ ಒಮ್ಮೆ ಹಾಲೇಶ ಮತ್ತೆ ಸೇದಿದ. ಮತ್ತೆ ಆಸ್ಪತ್ರೆಗೆ ಹೋದ. ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ, ಕೋಮಲಾ ನೀರು ತರುವಷ್ಟರಲ್ಲಿ, ಅವನು ಅರ್ಧ ಮುದ್ದೆ ಉಂಡಾಗಿತ್ತು.

"ಲೇ, ಸಾರಿಗೆ ಉಪ್ಪು ಕಮ್ಮಿ," ಅಂದ.

ಕೋಮಲಾ ನಗುತ್ತ ಉಪ್ಪು ತಂದಿಟ್ಟಳು.

ನಿಮ್ಮ ಮನೆಯಲ್ಲೂ ಯಾರಾದರೂ ಸೊಪ್ಪು ಸೇದುತ್ತೇನೆ ಎಂದರೆ, ಯಾವ ಸೊಪ್ಪು ಎಂದು ಕೇಳಿ. ಬೈಯಬೇಡಿ, ಬಚ್ಚಿಡಲೂಬೇಡಿ. ಆಶಾ ಕಾರ್ಯಕರ್ತೆಗೆ ತಿಳಿಸಿ, ಇಲ್ಲವೇ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ಉಚಿತ ಸಂಖ್ಯೆ 14416ಕ್ಕೆ ಇಂದೇ ಕರೆ ಮಾಡಿ.