ಹತ್ತು ಬಿದ್ದರೆ ಬದುಕು

ನಾನು ಒಂದು ದಾಳ. ಪಗಡೆಯದಲ್ಲ, ಇಪ್ಪತ್ತು ಮುಖದ, ಕೆಂಪು ಪ್ಲಾಸ್ಟಿಕ್ಕಿನ ದಾಳ. ಯಾವುದೋ ಕಾರ್ಖಾನೆಯ ಅಚ್ಚಿನಲ್ಲಿ ಬಿಸಿಬಿಸಿಯಾಗಿ ಹುಟ್ಟಿ, ಮೈತುಂಬ ಬಿಳಿ ಅಂಕಿ ಬರೆಸಿಕೊಂಡು, ದಾವಣಗೆರೆಯ ಇಂದುಧರನ ಕೈ ಸೇರಿದೆ. ಒಂದರಿಂದ ಇಪ್ಪತ್ತರವರೆಗೆ ಏನು ಬೇಕಾದರೂ ಬೀಳುತ್ತೇನೆ. ಯಾರ ಮುಲಾಜೂ ನನಗಿಲ್ಲ.

ಇಂದುಧರ ಕಥೆ ಹೇಳುವವನು. ಗೆಳೆಯರು ಆ ಕಥೆಯೊಳಗೆ ಒಬ್ಬೊಬ್ಬರು ಒಬ್ಬೊಬ್ಬ ವೀರರಾಗಿ ಆಡುವವರು. ವೀರರಿಗೆ ವಿಷ ತಗುಲಲಿ, ಬೆಂಕಿ ಬೀಳಲಿ, ಪ್ರಾಣ ನನ್ನ ಉರುಳಾಟದಲ್ಲಿ. ಹತ್ತು ಅಥವಾ ಅದಕ್ಕೂ ಮೇಲೆ ಬಿದ್ದರೆ ಬದುಕು, ಕಡಿಮೆ ಬಿದ್ದರೆ ಸಾವು. ಈ ಎಸೆತವನ್ನು ಮಾತ್ರ ಕಥೆಗಾರನೇ ರಟ್ಟಿನ ಮರೆಯಲ್ಲಿ ಎಸೆದು, ಬಿದ್ದದ್ದನ್ನು ಬಾಯಲ್ಲಿ ಹೇಳುವುದು ಅವರ ಪದ್ಧತಿ.

ಗುಂಪಿನ ಗಟ್ಟಿಗಿತ್ತಿ ಕಾತ್ಯಾಯಿನಿ, ಹೈಸ್ಕೂಲಿನ ಗಣಿತದ ಮೇಡಂ. ಆಟದಲ್ಲಿ ಅವಳು ಕೆಂಚಿ ಎಂಬ ಬಿಲ್ಲುಗಾತಿ. ಅವಳ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಆಟ ಡಯಾಲಿಸಿಸ್ ವಾರ್ಡಿಗೆ ಬಂತು. ಯಂತ್ರ ನಾಲ್ಕು ಗಂಟೆ ರಕ್ತ ತೊಳೆಯುವಾಗ, ಮಂಚದ ಮೇಲಿನ ಊಟದ ಹಲಗೆಯೇ ನಮ್ಮ ಅಂಗಳ.

ಅಂದಿನಿಂದ ಇಂದುಧರ ಕೆಟ್ಟ. ನಾನು ಎರಡು ಬಿದ್ದರೆ "ಹದಿನೇಳು!" ಎನ್ನುವನು. ತಲೆಯ ಮೇಲೆ ಹೊಡೆದಂಥ ಸುಳ್ಳು. ನನಗೆ ಅವಮಾನವಾಗುತ್ತಿತ್ತು.

ಕಾತ್ಯಾಯಿನಿಯ ತಾಯಿ ಚನ್ನಬಸಮ್ಮ ತನ್ನ ಕಿಡ್ನಿಯನ್ನೇ ಕೊಡುತ್ತೇನೆಂದು ಹಟ ಹಿಡಿದಿದ್ದಳು. ಹೊಂದುವುದಿಲ್ಲವೆಂದು ರಿಪೋರ್ಟು ಬಂತು. ಬೇರೆ ಕೊಡುವವರಿರಲಿಲ್ಲ. ಮಗಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಅದು ಗೊತ್ತಿತ್ತು.

ಒಂದು ದಿನ ಆಟದಲ್ಲಿ ಕೆಂಚಿಗೆ ಹಾವು ಕಚ್ಚಿತು. ಮರೆಯಲ್ಲಿ ನಾನು ಬಿದ್ದದ್ದು ಐದು. "ಹದಿನೆಂಟು!" ಎಂದ ಇಂದುಧರ.

"ಏಳು ತಿಂಗಳಾಗೆ ಹನ್ನೆರಡನೇ ಸಲ. ಹನ್ನೆರಡೂ ಹತ್ತರ ಮೇಲೆ," ಎಂದಳು ಕಾತ್ಯಾಯಿನಿ. "ಸಾವಿರಕ್ಕೆ ಒಂದು ಸಲ ಆಗೋದೂ ಕಷ್ಟ. ಯಾರಿಗೆ ಲೆಕ್ಕ ಹೇಳ್ತೀಯಲೇ? ದಾಳ ಕೊಡು."

ಸೂಜಿ ಚುಚ್ಚಿದ ಕೈ ಅಲುಗಿಸುವಂತಿಲ್ಲ. ಇನ್ನೊಂದು ಕೈಯಿಂದ ಹಲಗೆಯ ಮೇಲೆ ಎಸೆದಳು. ಮೂರು ಬಿದ್ದೆ.

"ಕೈ ಜಾರ್ತು, ಇನ್ನೊಂದ್ಸಲ..." ಎಂದು ಇಂದುಧರ ನನ್ನನ್ನು ಎತ್ತಲು ಬಂದ. ಅವಳು ಅಂಗೈ ಮುಚ್ಚಿದಳು.

"ಬ್ಯಾಡ. ಬಿದ್ದಿದ್ದು ಬಿದ್ದಂಗೇ ಇರ್ಲಿ. ಅವ್ವಂದು ಹೊಂದಲ್ಲ, ಹೌದಲ್ಲ?"

ಇಂದುಧರ ರಟ್ಟಿನ ಮರೆಯನ್ನು ಮಡಚಿಟ್ಟ. "ಹೊಂದಲ್ಲ," ಎಂದ.

ಅವಳು ಅತ್ತಳು. ಅಂಗೈ ಬೆವರಿ ನಾನು ಒದ್ದೆಯಾದೆ. ಆಮೇಲೆ ಕಣ್ಣೊರೆಸಿಕೊಂಡು, ಕೆಂಚಿಯನ್ನು ಎಲ್ಲಿ ಹೂಳುತ್ತೀರಿ ಎಂದು ಕೇಳಿದಳು. ಗೆಳೆಯರು ಹೊಳೆದಂಡೆಯಲ್ಲಿ ಎಂದರು. ಐದು ತಿಂಗಳಿಗೆ ಅವಳೂ ಹೋದಳು.

ಈಗ ನನ್ನ ಅಂಕಿಗಳ ಬಿಳಿ ಬಣ್ಣ ಅರ್ಧ ಹೋಗಿದೆ. ಆಟ ನಿಂತು ವರ್ಷಗಳಾದವು. ಮಗಳ ನೆನಪಿಗೆಂದು ಇಂದುಧರ ಕೊಟ್ಟುಹೋದ ಮೇಲೆ ಚನ್ನಬಸಮ್ಮನ ಕುಂಕುಮದ ಡಬ್ಬಿಯ ಪಕ್ಕ ಬಿದ್ದಿರುತ್ತೇನೆ. ಮೊನ್ನೆ ಇಂದುಧರ ನೋಡಿಹೋಗಲು ಬಂದಿದ್ದಾಗ ಆಕೆ ನನ್ನನ್ನು ಕೈಗೆತ್ತಿಕೊಂಡಳು.

"ಇದ್ರಾಗೆ ಎಷ್ಟು ಬಿದ್ರೆ ಉಳೀತಾರಪ್ಪಾ?"

"ಹತ್ತು ಬೀಳಬೇಕಮ್ಮಾ."

ಆಕೆ ಎಸೆದಳು. ಹದಿನಾಲ್ಕು. ಮತ್ತೆ ಎಸೆದಳು. ಹತ್ತೊಂಬತ್ತು.

"ನನ್ನ ಕೈಗೆ ಬೀಳ್ತೈತಲ್ಲೋ ಇಂದುಧರ," ಎಂದಳು ಆ ತಾಯಿ. ಬೀಳಬೇಕೆಂದು ನಾನು ಬಿದ್ದಿರಲಿಲ್ಲ, ಅಂದೂ ಇಂದೂ. ಅದನ್ನು ಹೇಳಲು ನನಗೆ ಬಾಯಿಲ್ಲ. ಆಕೆ ಮೂರನೆಯ ಸಲ ನನ್ನನ್ನು ಎತ್ತಿಕೊಂಡಳು.